ಧೂಳಿನ ಸೀಮೆಯಲ್ಲಿ ಎಸಿ ಶುಚಿ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎಸಿ ಎಂದರೆ ಹೆಚ್ಚಾಗಿ ಮಲಗುವ ಕೋಣೆಯ ಗೋಡೆಗೆ ಕೂರಿಸಿದ ಸ್ಪ್ಲಿಟ್ ಎಸಿ. ಫಾಲ್ಸ್ ಸೀಲಿಂಗ್ ಮೇಲೆ ತಗಡಿನ ಡಕ್ಟ್ ಹಾಯಿಸಿ ಎಲ್ಲ ಕೋಣೆಗಳಿಗೂ ತಂಪು ಗಾಳಿ ಹಂಚುವುದು ಅಮೆರಿಕದ, ಕೊಲ್ಲಿ ದೇಶಗಳ ಮನೆಗಳಲ್ಲಿ ರೂಢಿ. ಇಲ್ಲಿ ಅದು ಕಲ್ಯಾಣ ಮಂಟಪ, ಆಸ್ಪತ್ರೆ, ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಕಾಣುವಂಥದ್ದು. ಈಚೆಗೆ ಕೆಲವು ದೊಡ್ಡ ಮನೆಗಳಿಗೂ ಬಂದಿದೆ. ಎಸಿ ಯಾವ ಬಗೆಯದಾದರೂ ಧೂಳಿನ ಕಾಟ ತಪ್ಪಿದ್ದಲ್ಲ. ಆದರೆ ಒಣಗಿ ಕೂತ ಧೂಳು ಮಾಡುವ ಕೆಡುಕು ಸ್ವಲ್ಪ, ನೀರು ಮುಟ್ಟಿದ ಧೂಳು ಮಾಡುವ ಕೆಡುಕು ಬಹಳ. ಏನನ್ನು ತೊಳೆಯಬೇಕು, ಯಾವಾಗ ತೊಳೆಯಬೇಕು, ಯಾವುದಕ್ಕೆ ದುಡ್ಡು ಸುರಿಯಬೇಕಿಲ್ಲ ಎಂಬುದೆಲ್ಲ ಈ ವ್ಯತ್ಯಾಸ ತಿಳಿದರೆ ತಾನೇ ತಿಳಿಯುತ್ತದೆ.

ಅವಳಿ ನಗರದ ಧೂಳಿಗೆ ನೆಲವೇ ಮೂಲ. ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಅಂಚಿನ ಕೆಂಪು ಮಣ್ಣು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರಿ ಭೂಮಿ. ಎರಿ ಮಣ್ಣಿನ ಜೇಡಿ ಕಣಗಳು ಅತಿ ಸಣ್ಣವು, ಒಂದು ಮೀಟರಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಬಿಸಿಲಿಗೆ ಈ ಮಣ್ಣು ಬಿರುಕು ಬಿಟ್ಟು ಪುಡಿಯಾಗುತ್ತದೆ, ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ. ಇದರ ಮೇಲೆ ರಸ್ತೆ ಅಗೆತ, ಕಟ್ಟಡ ಕೆಲಸ, ಚನ್ನಮ್ಮ ವೃತ್ತದ ಮೇಲ್ಸೇತುವೆಯಂಥ ಕಾಮಗಾರಿ, ವಾಹನಗಳ ಹೊಗೆ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ ನಾಲ್ಕು ನಗರಗಳೆಂದರೆ ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡ. ಗಾಳಿಯ ಗುಣಮಟ್ಟ ದೇಶದ ಮಾನದಂಡ ಮುಟ್ಟದ ಊರುಗಳ ಪಟ್ಟಿ ಅದು. ಧೂಳಿನ ಕಣಗಳಿಗೆ, ಅಂದರೆ ಪಿಎಂ 10ಕ್ಕೆ, ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ ಎಂಬುದು ಭಾರತದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 15.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ನಂಬಿದವರು ಬಹಳ. ಅದು ಹಾಗಲ್ಲ. ಕೋಣೆಯ ಗಾಳಿಯನ್ನೇ ಮೇಲಿನಿಂದ ಎಳೆದು, ತಣ್ಣನೆಯ ಕಾಯಿಲ್ ಮೂಲಕ ಹಾಯಿಸಿ, ಕೆಳಗಿನಿಂದ ಮತ್ತೆ ಕೋಣೆಗೇ ಬಿಡುತ್ತದೆ. ಹೀಗಾಗಿ ಬಾಗಿಲ ಸಂದಿಯಿಂದ ಬಂದ ಮಣ್ಣು, ಹಾಸಿಗೆಯ ನೂಲು, ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಎಣ್ಣೆ ಹನಿ ಎಲ್ಲವೂ ದಿನಕ್ಕೆ ನೂರಾರು ಸಲ ಅದರೊಳಗೆ ಸುತ್ತುತ್ತವೆ. ಕಾಯಿಲ್ ತಣ್ಣಗಿರುವುದರಿಂದ ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ. ಫಿಲ್ಟರ್ ದಾಟಿದ ಸಣ್ಣ ಧೂಳು ಆ ನೀರಿಗೆ ಸಿಕ್ಕು ಕೆಸರಾಗುತ್ತದೆ, ಕೆಸರಿನಲ್ಲಿ ಬೂಷ್ಟು ಹಿಡಿಯುತ್ತದೆ. ಎಸಿ ಹಾಕಿದ ಮೊದಲ ನಿಮಿಷಗಳಲ್ಲಿ ಬರುವ ಮುಗ್ಗಲು ವಾಸನೆ ಇದರದ್ದೇ. ಅಸ್ತಮಾ ಅಥವಾ ಧೂಳಿನ ಅಲರ್ಜಿ ಇದ್ದವರಿಗೆ ಇದು ಬರೀ ವಾಸನೆಯ ಮಾತಲ್ಲ, ಉಸಿರಿನ ಮಾತು.

ಶುಚಿಯ ಕೆಲಸ ಫಿಲ್ಟರಿನಿಂದ ಶುರು. ಮುಂದಿನ ಮುಚ್ಚಳ ಎತ್ತಿದರೆ ಕಾಣುವ ಪ್ಲಾಸ್ಟಿಕ್ ಜಾಳಿಗೆ ಅದು. ತೆಗೆಯಲು ಮೆಕ್ಯಾನಿಕ್ ಬೇಕಿಲ್ಲ. ಮೊದಲು ಎಸಿಯ ಎಂಸಿಬಿ ಆಫ್ ಮಾಡಬೇಕು. ಧೂಳು ಕೂತ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಿಂದ ನಲ್ಲಿ ನೀರು ಬಿಟ್ಟರೆ ಧೂಳು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಮುಂದಿನಿಂದ ಬಿಟ್ಟರೆ ಜಾಳಿಗೆಯ ಕಣ್ಣಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಬೇಕು, ಏಕೆಂದರೆ ಏಪ್ರಿಲ್ ಬಿಸಿಲಿಗೆ ಅದರ ಚೌಕಟ್ಟು ಸೊಟ್ಟಗಾಗುತ್ತದೆ. ಒದ್ದೆಯಾಗಿಯೇ ಕೂರಿಸಿದರೆ ಬೂಷ್ಟಿಗೆ ಆಸರೆ ಕೊಟ್ಟಂತೆ. ತಯಾರಕರು ತಿಂಗಳಿಗೊಮ್ಮೆ ಎಂದರೂ ಈ ಊರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ತೊಳೆಯುವುದು ಲೇಸು; ದೊಡ್ಡ ರಸ್ತೆಗೆ ಮುಖ ಮಾಡಿದ ಮನೆಯಲ್ಲಿ ವಾರಕ್ಕೊಮ್ಮೆ. ಕೊಳೆ ಫಿಲ್ಟರ್ ಬದಲಿಸಿದರೆ ಎಸಿಯ ವಿದ್ಯುತ್ ಬಳಕೆ ಶೇ 5ರಿಂದ 15ರಷ್ಟು ಇಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹೆಸ್ಕಾಂ ಬಿಲ್ಲಿನಲ್ಲೂ ಅದು ಕಾಣುವಂಥ ಉಳಿತಾಯವೇ.

ಕಾಯಿಲ್ ತೊಳೆಯುವುದು ಕೈ ಪಳಗಿದವರ ಕೆಲಸ. ಅದರ ಅಲ್ಯೂಮಿನಿಯಂ ಎಲೆಗಳು ಬೆರಳು ತಾಗಿದರೂ ಬಾಗುತ್ತವೆ. ಎಲೆಗಳ ನಡುವಿನ ಸಂದಿ ಒಂದು ಮಿಲಿಮೀಟರ್ ಆಸುಪಾಸು. ಒಳ್ಳೆಯ ಮೆಕ್ಯಾನಿಕ್ ಮೊದಲು ಸರ್ಕ್ಯೂಟ್ ಬೋರ್ಡಿಗೆ ಪ್ಲಾಸ್ಟಿಕ್ ಮುಚ್ಚಿ, ಯಂತ್ರದ ಕೆಳಗೆ ಚೀಲ ಕಟ್ಟಿ, ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಡುತ್ತಾನೆ. ಕ್ಲೀನರ್ ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು ಪಂಪಿನಿಂದ ನೀರು ಹೊಡೆದಾಗ ಬಕೆಟ್ಟಿಗೆ ಮೊದಲು ಬೀಳುವುದು ಡಾಂಬರಿನಂತೆ ಕಪ್ಪಾದ ನೀರು, ಅದರಲ್ಲಿ ತೇಲುವ ಲೋಳೆಯ ಎಳೆಗಳು. ನಂತರ ಬೂದು ಬಣ್ಣ, ಕೊನೆಗೆ ತಿಳಿ. ತಿಳಿ ನೀರು ಬರುವವರೆಗೆ ಬಿಡಬಾರದು. ಕಾಯಿಲ್ ಹಿಂದಿನ ಬ್ಲೋವರ್ ರೆಕ್ಕೆಗಳಿಗೂ ನೀರು ಮುಟ್ಟಬೇಕು, ಏಕೆಂದರೆ ಅರ್ಧ ಕೊಳೆ ಅಲ್ಲೇ ಅಡಗಿರುತ್ತದೆ. ಬರೀ ಫಿಲ್ಟರ್ ಝಾಡಿಸಿ, ಮೇಲೆ ಬಟ್ಟೆ ಆಡಿಸಿ ಸರ್ವಿಸ್ ಆಯಿತು ಎನ್ನುವವರಿಗೆ ದುಡ್ಡು ಕೊಡುವ ಮುನ್ನ ಬಕೆಟ್ಟಿನ ನೀರು ತೋರಿಸಲು ಕೇಳುವುದು ಗ್ರಾಹಕರ ಹಕ್ಕು.

ಗೋಡೆಯ ಮೇಲೆ, ಕೆಲವೊಮ್ಮೆ ಹಾಸಿಗೆಯ ಮೇಲೆಯೇ ನೀರು ತೊಟ್ಟಿಕ್ಕುತ್ತಿದ್ದರೆ ಹೆಚ್ಚಿನ ಸಲ ಕಾರಣ ಡ್ರೇನ್ ಪೈಪಿನಲ್ಲಿ ಕಟ್ಟಿಕೊಂಡ ಇದೇ ಲೋಳೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೊಳೆಯನ್ನು: ಗಾಳಿ ಹಾಯದೆ ಕಾಯಿಲ್ ಅತಿ ತಣ್ಣಗಾಗಿ ಹೀಗಾಗುತ್ತದೆ. ಇಂಥ ಹೊತ್ತಿನಲ್ಲಿ ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು ಎಂಬ ಮಾತು ತಪ್ಪದೆ ಬರುತ್ತದೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರುವ ಜಾಗ ಹುಡುಕಿ ಮುಚ್ಚದೆ ಪ್ರತಿ ಬೇಸಿಗೆಗೆ ತುಂಬಿಸುವುದು ದುಡ್ಡು ಪೋಲು. ಮೇಲಾಗಿ ಈಗಿನ ಹಲವು ಎಸಿಗಳಲ್ಲಿರುವ ಆರ್-32 ಬೆಂಕಿ ಹತ್ತಬಲ್ಲ ಅನಿಲ. ಅದರ ಜತೆ ಅರೆಬರೆ ಬಲ್ಲವರ ಕೈಚಳಕ ಸಲ್ಲದು.

ಟೆರೇಸಿನ ಮೇಲಿನ ಹೊರ ಘಟಕಕ್ಕೆ ವರ್ಷಕ್ಕೆ ಎರಡು ಸಲ, ವಿದ್ಯುತ್ ಕಡಿದು, ತೋಟಕ್ಕೆ ಬಿಡುವ ಪೈಪಿನ ಸಾಧಾರಣ ರಭಸದ ನೀರು ಸಾಕು. ಗೋಡೆಯ ಹೊರಗೆ ಎತ್ತರದಲ್ಲಿ ಕೂರಿಸಿದ್ದರೆ ಮನೆಯವರು ಆ ಸಾಹಸಕ್ಕೆ ಹೋಗದಿರಲಿ.

ಡಕ್ಟ್ ಇರುವ ಮನೆಗಳ ಲೆಕ್ಕ ಬೇರೆ. ಡಕ್ಟಿನೊಳಗೆ ಧೂಳು ಕಂಡ ಕೂಡಲೇ ಗಾಬರಿ ಬೇಡ. ಡಕ್ಟ್ ತೊಳೆಸಿದರೆ ಕಾಯಿಲೆ ತಪ್ಪುತ್ತದೆ ಎಂಬುದು ಖಚಿತವಾಗಿ ಸಾಬೀತಾಗಿಲ್ಲ, ವಾಡಿಕೆಯಂತೆ ಪದೇ ಪದೇ ತೊಳೆಸುವ ಅಗತ್ಯವಿಲ್ಲ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಲುವು. ಕಣ್ಣಿಗೆ ಕಾಣುವಂತೆ ಬೂಷ್ಟು ಬೆಳೆದಿದ್ದರೆ, ಇಲಿ-ಹುಳ ಸೇರಿದ್ದರೆ, ಧೂಳು ಕಟ್ಟಿ ಜಾಲರಿಯಿಂದ ಕೋಣೆಗೆ ಉದುರುತ್ತಿದ್ದರೆ ಆಗ ತೊಳೆಸಲೇಬೇಕು. ತಗಡಿನ ಗೋಡೆಗೆ ಅಂಟಿದ ಒಣ ಧೂಳು ಅಲ್ಲೇ ಇರುತ್ತದೆ. ಕಾಯಿಲ್ ಸಮೀಪದ ಮೊದಲ ಕೆಲವು ಅಡಿಗಳಲ್ಲಿ ಗಾಳಿ ತೇವವಾಗಿರುವುದರಿಂದ ಪರೀಕ್ಷೆ ಅಲ್ಲಿಂದ ಶುರುವಾಗಬೇಕು. ಜಾಲರಿ ಬಿಚ್ಚಿ ಮೊಬೈಲಿನಿಂದ ಒಳಗಿನ ಚಿತ್ರ ತೆಗೆದುಕೊಂಡರೆ ನಿರ್ಧಾರ ಸುಲಭ. ಕೆಲಸದ ಸರಿಯಾದ ಕ್ರಮದಲ್ಲಿ ಡಕ್ಟಿನ ಒಂದು ತುದಿಗೆ ಬಲವಾದ ವ್ಯಾಕ್ಯೂಮ್ ಜೋಡಿಸಿ ಒಳಗೆಲ್ಲ ಎಳೆತ ಹುಟ್ಟಿಸುತ್ತಾರೆ, ಇನ್ನೊಂದು ತುದಿಯಿಂದ ತಿರುಗುವ ಬ್ರಷ್ ಹಾಯಿಸುತ್ತಾರೆ. ಎದ್ದ ಧೂಳು ಕೋಣೆಗೆ ಬೀಳದೆ ಯಂತ್ರಕ್ಕೆ ಹೋಗುತ್ತದೆ. ಬರೀ ಬ್ರಷ್ ಆಡಿಸಿದರೆ ಕೂತಿದ್ದ ಧೂಳನ್ನು ಎಬ್ಬಿಸಿ ಮನೆಗೆ ಹಂಚಿದಂತೆ. ಒಳಗೆ ಹಾಸಿದ ಗಾಜಿನ ಉಣ್ಣೆ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಅದನ್ನು ತೊಳೆಯಲು ಬಾರದು, ತೆಗೆದು ಹೊಸದು ಹಾಕಬೇಕು. ಕಾಯಿಲ್, ಅದರ ನೀರು ಬೀಳುವ ತಟ್ಟೆ, ಫ್ಯಾನ್ ಬಿಟ್ಟು ಡಕ್ಟ್ ಒಂದನ್ನೇ ತೊಳೆದರೆ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿ. ಗಾಳಿ ಹಿಂದೆಳೆಯುವ ಡಕ್ಟಿನ ಜೋಡಣೆಗಳು ಬಿಟ್ಟುಕೊಂಡಿದ್ದರೆ ಫಾಲ್ಸ್ ಸೀಲಿಂಗ್ ಮೇಲಿನ ಧೂಳೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಊರಿನಲ್ಲಿ ಆ ಸಂದಿಗಳನ್ನು ಮುಚ್ಚಿಸುವುದು ತೊಳೆಸುವುದಕ್ಕಿಂತ ಮುಖ್ಯ.

ಎಸಿಗಿಂತ ಹೆಚ್ಚು ಮನೆಗಳಲ್ಲಿರುವುದು ಕೂಲರ್. ಧೂಳು-ನೀರಿನ ಕೂಟ ಅತಿ ಗಟ್ಟಿಯಾಗಿರುವುದೂ ಅಲ್ಲೇ. ಕಿಟಕಿಗೆ ಇಟ್ಟ ಕೂಲರ್ ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಅದರ ಧೂಳನ್ನು ಒದ್ದೆ ಹುಲ್ಲು ಅಥವಾ ಹನಿಕೋಂಬ್ ಪ್ಯಾಡ್ ಹಿಡಿದಿಟ್ಟು ಟಾಕಿಗೆ ಇಳಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ಕೂಲರ್ ನೀರು ಚೆಲ್ಲಲು ಮನಸ್ಸಾಗುವುದಿಲ್ಲ, ಅದು ಸಹಜ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಟಾಕಿ ಬರಿದು ಮಾಡಬೇಕೆಂಬುದರ ಕಾರಣ ಇದೇ. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ, ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಟಾಕಿಯ ಬದಿಗಳನ್ನು ಬ್ರಷ್ಷಿನಿಂದ ಗಸಗಸ ತಿಕ್ಕಬೇಕು. ಚೆಲ್ಲುವ ನೀರು ಅಂಗಳಕ್ಕೆ ಥಳಿ ಹೊಡೆಯಲು ಒದಗುತ್ತದೆ, ಅಂಗಳದ ಧೂಳೂ ಅಡಗುತ್ತದೆ.

ಒಳಗೆ ಬರುವ ಧೂಳು ಕಡಿಮೆಯಾದಷ್ಟೂ ತೊಳೆಯುವ ಕೆಲಸ ಕಡಿಮೆ. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ, ಎಸಿ ಕೋಣೆಯಲ್ಲಿ ಕಸಬರಿಗೆಯ ಬದಲು ಒದ್ದೆ ಬಟ್ಟೆ, ಎಸಿ ಓಡುವಾಗ ಊದಿನಕಡ್ಡಿ ಬೇಡ. ದೊಡ್ಡ ಸರ್ವಿಸ್ ಶಿವರಾತ್ರಿ ಕಳೆದ ಕೂಡಲೇ ಮಾಡಿಸಿದರೆ ಚೆನ್ನ. ಯುಗಾದಿಯ ಹೊತ್ತಿಗೆ ಮೆಕ್ಯಾನಿಕ್ ಸಿಗುವುದೇ ಕಷ್ಟ, ಸಿಕ್ಕವರಿಗೂ ಅವಸರ. ಇನ್ನೊಂದು ಸಲ ಮುಂಗಾರು ಹಿಡಿದು ಎಸಿ ನಿಲ್ಲಿಸುವ ಮುನ್ನ, ಏಕೆಂದರೆ ಬೇಸಿಗೆಯ ಕೊಳೆ ಹೊತ್ತ ಕಾಯಿಲ್ ಮಳೆಗಾಲದ ತೇವದಲ್ಲಿ ನಾಲ್ಕು ತಿಂಗಳು ಮುಚ್ಚಿಟ್ಟರೆ ಬೂಷ್ಟು ಖಂಡಿತ. ತೊಳೆದ ಮೇಲೆ ಎರಡು-ಮೂರು ತಾಸು ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಒಳಗನ್ನು ಒಣಗಿಸಬೇಕು. ಹೊರ ಘಟಕಕ್ಕೆ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಮೇಲೊಂದು ತಗಡು ಸಾಕು. ಕೂಲರಿನ ಹುಲ್ಲನ್ನು ತೆಗೆದು ಬಿಸಾಡಿ, ಟಾಕಿಯನ್ನು ಬಿಸಿಲಿಗೆ ಒಣಗಿಸಿ, ಬೋರಲು ಹಾಕಿ ಇಡಬೇಕು.