ಮುತ್ತುಗದ ಎಲೆಯ ದೇಹ

ದೇಹವೇ ಸಿಗದವರಿಗೆ ಸಂಸ್ಕಾರ ಮಾಡುವುದು ಹೇಗೆ? ನಮ್ಮ ಪುರೋಹಿತರಲ್ಲಿ ಇದಕ್ಕೆ ಲೆಕ್ಕವೇ ಇದೆ. ಮುತ್ತುಗದ 360 ಎಲೆತೊಟ್ಟು ತರಬೇಕು. ತಲೆಗೆ 40, ಕುತ್ತಿಗೆಗೆ 10, ಹೀಗೆ ಒಂದೊಂದು ಅಂಗಕ್ಕೆ ಇಷ್ಟಿಷ್ಟು ಎಂದು ಹರಡಿ ಮನುಷ್ಯಾಕೃತಿ ಮಾಡಿ, ಅದನ್ನೇ ಶವವೆಂದು ಭಾವಿಸಿ ಸುಡಬೇಕು. ಪಾಲಾಶವಿಧಿ ಎನ್ನುತ್ತಾರೆ. ಮನೆಯಿಂದ ಹೋದವನ ಸುದ್ದಿ 12 ವರ್ಷ ಬಾರದಿದ್ದರೆ ಇದನ್ನು ಮಾಡಬಹುದು ಎಂಬುದು ಧರ್ಮಶಾಸ್ತ್ರದವರ ಸಾಮಾನ್ಯ ಮಾತು. ಈಗಿನ ಕಾನೂನಿಗೆ 7 ವರ್ಷ ಸಾಕು. ಆದರೆ ಕಾಯುತ್ತಿರುವವರ ಮನಸ್ಸಿಗೆ ಇಷ್ಟೇ ವರ್ಷ ಎಂಬ ಲೆಕ್ಕ ಇದ್ದಂತೆ ಕಾಣುವುದಿಲ್ಲ. ಯಾಕೆ ಇಲ್ಲ ಎಂಬುದನ್ನು ವಿಜ್ಞಾನ ಈಚಿನ ಐವತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಿದೆ.

ಮನುಷ್ಯ ಕಾಣೆಯಾಗಲು ನಮ್ಮ ಸೀಮೆಯಲ್ಲಿ ಜಾಗ ಬೇಕಾದಷ್ಟಿದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರ ತಾಲ್ಲೂಕಿಗೆ ಬಂದು ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ನಡುವೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಊರು, ಗದ್ದೆ, ಕಾಡು ಎಲ್ಲವನ್ನೂ ಒಳಗಿಟ್ಟುಕೊಂಡ ನೀರು ಅದು. ಬೇಸಿಗೆಯಲ್ಲಿ ನೀರಿಳಿದಾಗ ಹಳೇ ಮರಗಳ ಬೊಡ್ಡೆಗಳು ಮೇಲೇಳುವುದನ್ನು ಆ ಕಡೆ ಓಡಾಡಿದವರೆಲ್ಲ ನೋಡಿದ್ದಾರೆ. ದಡದಿಂದ ಆಚೆಗೆ ದಟ್ಟ ಕಾಡು.

ಕಾಡಿನಲ್ಲಿ ಯಾವುದೋ ಬಳ್ಳಿ ತುಳಿದರೆ ದಾರಿ ತಪ್ಪುತ್ತದೆ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ ಎಂದು ಮಲೆನಾಡಿನ ಹಿರಿಯರು ಹೇಳುತ್ತಾರೆ. ಬಳ್ಳಿಯ ವಿಷಯ ನನಗೆ ಗೊತ್ತಿಲ್ಲ, ಸುತ್ತುವುದಂತೂ ನಿಜ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಕೆಲವರನ್ನು ಕಾಡಿಗೆ ಬಿಟ್ಟು, ನೇರವಾಗಿ ನಡೆಯಿರಿ ಎಂದು ಹೇಳಿ, ಜಿಪಿಎಸ್‌ನಲ್ಲಿ ಜಾಡು ಹಿಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬಿಸಿಲಿದ್ದ ದಿನ ನಡೆದವರು ಹೆಚ್ಚುಕಡಿಮೆ ನೇರ ಹೋದರು. ಮೋಡವಿದ್ದ ದಿನ ನಡೆದವರೆಲ್ಲ ಸುತ್ತಿದರು, ಅವರಲ್ಲಿ ಹೆಚ್ಚಿನವರು ತಾವೇ ನಡೆದ ಜಾಡನ್ನು ಮತ್ತೆ ದಾಟಿದರು, ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ. ಕಣ್ಣು ಕಟ್ಟಿದರೆ ಇಪ್ಪತ್ತು ಮೀಟರ್ ಅಗಲದ ವೃತ್ತದಲ್ಲೇ ತಿರುಗಿದವರಿದ್ದರು. ಒಂದೊಂದು ಹೆಜ್ಜೆಯಲ್ಲಿ ಮಿದುಳು ಮಾಡುವ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ. ಸೂರ್ಯನೋ ಗುಡ್ಡದ ನೆತ್ತಿಯೋ ಕಂಡರೆ ಅದು ತಿದ್ದಿಕೊಳ್ಳುತ್ತದೆ. ಆಷಾಢದ ಆಗುಂಬೆಯಲ್ಲಿ ಸೂರ್ಯ ಎಲ್ಲಿದ್ದಾನೆ?

ಮರೆವಿನ ಕಾಯಿಲೆಯ ವೃದ್ಧರದ್ದು ಬೇರೆ ಕತೆ. ಅವರು ಎಲ್ಲಾದರೂ ಸಿಕ್ಕಿಕೊಳ್ಳುವವರೆಗೆ ನಡೆಯುತ್ತಾರೆ. ಮಟ್ಟಿ, ಬೇಲಿ, ಹಳ್ಳ, ಯಾವುದಾದರೂ ಆದೀತು. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ಹುಡುಕುವವರು ಬಸ್‌ಸ್ಟ್ಯಾಂಡು, ನೆಂಟರಮನೆ ಎಂದು ದೂರ ದೂರ ಹೋಗುತ್ತಾರೆ; ಹೆಚ್ಚಿನ ವೃದ್ಧರು ಮನೆಯಿಂದ ಒಂದೆರಡು ಕಿಲೋಮೀಟರ್ ಒಳಗೇ ಇರುತ್ತಾರೆ.

ಇನ್ನು ನೀರು. ಮುಳುಗಿದ ದೇಹ ತಳ ಸೇರುತ್ತದೆ. ಕರುಳಿನ ಬ್ಯಾಕ್ಟೀರಿಯಾ ಅನಿಲ ಹುಟ್ಟಿಸಿದ ಮೇಲೆ, ಕೆಲವು ದಿನ ಬಿಟ್ಟು ತೇಲುತ್ತದೆ. ಆದರೆ ನೀರು ತಣ್ಣಗಿದ್ದರೆ ಅನಿಲ ಹುಟ್ಟುವುದೇ ನಿಧಾನ. ತೀರಾ ಆಳವಿದ್ದರೆ ಮೇಲಿನ ನೀರಿನ ಒತ್ತಡ ಆ ಅನಿಲವನ್ನು ಹಿಂಡಿಬಿಡುತ್ತದೆ, ಎತ್ತುವ ಶಕ್ತಿ ಉಳಿಯುವುದಿಲ್ಲ. ಬಂಡೆಯ ಪೊಟರೆ, ಮರದ ಬೇರು, ಮುಳುಗಿದ ಬೊಡ್ಡೆ ಹಿಡಿದುಕೊಂಡರಂತೂ ಮುಗಿಯಿತು. ಹೊಸನಗರದಿಂದ ಘಟ್ಟ ಇಳಿದರೆ ಸಿಗುವ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ 2023ರ ಜುಲೈ 23ರಂದು ಭದ್ರಾವತಿಯ ಯುವಕನೊಬ್ಬ ಜಾರಿಬಿದ್ದ. ದೇಹ ಸಿಗಲು ಒಂದು ವಾರ ಹಿಡಿಯಿತು. ಆ ಒಂದು ವಾರವನ್ನು ಅವನ ಮನೆಯವರು ಹೇಗೆ ಕಳೆದಿರಬಹುದು ಎಂದು ಯೋಚಿಸಿ, ಆಮೇಲೆ ಶಿರೂರಿನ ಕಡೆ ನೋಡಿ.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು, ಮಣ್ಣಿನ ರಾಶಿ ಗಂಗಾವಳಿ ನದಿಗೂ ಇಳಿಯಿತು. ಅದಕ್ಕೆ ಸಿಕ್ಕವರು ಹನ್ನೊಂದು ಜನ. ಕೇರಳದ ಲಾರಿ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾಗಿದ್ದ. ಸೇನೆ, ನೌಕಾಪಡೆ, ಮುಳುಗುಗಾರರು, ನೆಲದೊಳಗೆ ನೋಡುವ ರೆಡಾರ್, ಡ್ರೋನ್, ಕೊನೆಗೆ ಗೋವಾದಿಂದ ಬಂದ ಹೂಳೆತ್ತುವ ಯಂತ್ರ. ಸೆಪ್ಟೆಂಬರ್ 25ರಂದು, 71 ದಿನಗಳ ನಂತರ, ನದಿಯ ತಳದಿಂದ ಲಾರಿ ಮೇಲೆ ಬಂತು. ಚಾಲಕನ ದೇಹ ಅದರ ಕ್ಯಾಬಿನ್ನಿನಲ್ಲೇ ಇತ್ತು. ಡಿಎನ್‌ಎ ತಾಳೆ ನೋಡಿ ಮನೆಯವರಿಗೆ ಒಪ್ಪಿಸಿದರು. ಇನ್ನಿಬ್ಬರು ಇದ್ದರು, ಅವರು ಸಿಗಲಿಲ್ಲ. ಯಂತ್ರಗಳು ಹುಡುಕುತ್ತಿದ್ದದ್ದು ಕಬ್ಬಿಣವನ್ನು ಎಂಬುದು ನೆನಪಿರಲಿ. ಲಾರಿಯಷ್ಟು ಲೋಹ ಉಪಕರಣಕ್ಕೆ ಸಿಗುತ್ತದೆ. ಬರಿಗೈಯಲ್ಲಿ ನಿಂತಿದ್ದ ಮನುಷ್ಯ ಕೆಸರಿನಡಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಒಂದೇ ಗುಡ್ಡ, ಒಂದೇ ಬೆಳಗು. ಒಂಬತ್ತು ಮನೆಗಳಿಗೆ ದುಃಖ ಬಂತು. ಎರಡು ಮನೆಗಳಿಗೆ ಬಂದದ್ದಕ್ಕೆ ಹೆಸರು ಬೇಕು.

ಆ ಹೆಸರನ್ನು ಕೊಟ್ಟವರು ಮಿನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್. 1970ರ ದಶಕದಲ್ಲಿ ಅವರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಹೆಂಡತಿ ಮಕ್ಕಳನ್ನು ಅಭ್ಯಸಿಸಿದರು. ಗಂಡ ಸತ್ತನೆಂದು ಯಾರೂ ಹೇಳುತ್ತಿಲ್ಲ, ಬದುಕಿದ್ದಾನೆಂದೂ ಹೇಳುತ್ತಿಲ್ಲ. ಇದಕ್ಕೆ ಬಾಸ್ ಇಟ್ಟ ಹೆಸರನ್ನು ‘ಅಸ್ಪಷ್ಟ ನಷ್ಟ’ ಎನ್ನಬಹುದು. ಎರಡು ಬಗೆ: ದೇಹವಿಲ್ಲ, ಮನೆಯವರ ಮನಸ್ಸಿನಲ್ಲಿ ಮನುಷ್ಯ ಇದ್ದಾನೆ, ಅಥವಾ ದೇಹ ಎದುರಿಗೇ ಇದೆ, ಒಳಗಿನ ಮನುಷ್ಯ ಹೋಗಿದ್ದಾನೆ. ಎರಡನೆಯದು ಮರೆವಿನ ಕಾಯಿಲೆಯವರ ಮನೆಗಳಲ್ಲಿ. 2016ರಲ್ಲಿ ಬಂದ, ಪೊಲೀಸ್ ಪ್ರಕಟಣೆಯ ಮಾತನ್ನೇ ಹೆಸರಾಗಿಸಿಕೊಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಮಾಡಿದ ಪಾತ್ರಕ್ಕೆ ಈ ಎರಡೂ ಒದಗುತ್ತವೆ. ಮೊದಲು ನೆನಪು ಕಳೆಯುತ್ತದೆ, ಆಮೇಲೆ ಮನುಷ್ಯನೇ ಕಳೆದುಹೋಗುತ್ತಾನೆ.

ಬಾಸ್ ಹೇಳುವುದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಇಂಥ ಮನೆಯವರಿಗೆ ಕಾಯಿಲೆ ಇಲ್ಲ, ಅವರು ಸಿಕ್ಕಿಕೊಂಡಿರುವ ಪರಿಸ್ಥಿತಿಯೇ ಹುಚ್ಚುಹುಚ್ಚಾಗಿದೆ. ಎಲ್ಲರೂ ಕುಸಿಯುವುದಿಲ್ಲ, ಎಷ್ಟೋ ಜನ ಬದುಕು ಕಟ್ಟಿಕೊಳ್ಳುತ್ತಾರೆ. ಆದರೆ ‘ಮುಗಿಯಿತು’ ಎನ್ನುವ ಒಂದು ಕ್ಷಣ ಅವರಿಗೆ ಸಿಗುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 2022ರಲ್ಲಿ ‘ದೀರ್ಘಕಾಲದ ಶೋಕ’ ಎಂಬ ಕಾಯಿಲೆ ಸೇರಿತು. ಅದರ ಮೊದಲ ಷರತ್ತೇ ಹತ್ತಿರದವರ ಸಾವು. ಅಂದರೆ ಇಪ್ಪತ್ತು ವರ್ಷದಿಂದ ಮಗನ ದಾರಿ ಕಾಯುತ್ತಿರುವ ತಾಯಿಗೆ ಆ ಪಟ್ಟಿಯಲ್ಲೂ ಜಾಗವಿಲ್ಲ.

ಗೊತ್ತಿಲ್ಲದಿರುವುದು ಇಷ್ಟು ಸುಡುವುದೇಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 45 ಜನರನ್ನು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲೆ ಕಲ್ಲುಗಳು, ಕೆಲವದರ ಅಡಿಯಲ್ಲಿ ಹಾವು. ಹಾವು ಬಂದರೆ ಕೈಗೆ ನೋಯುವಂಥ ಕರೆಂಟಿನ ಶಾಕ್. ಕೈಯ ಬೆವರನ್ನೂ ಕಣ್ಣಿನ ಪಾಪೆಯನ್ನೂ ಅಳೆದರು. ಶಾಕ್ ಬಂದೇ ಬರುತ್ತದೆ ಎಂದು ಗೊತ್ತಿದ್ದ ಸ್ಥಿತಿಗಿಂತ, ಬಂದರೆ ಬಂತು ಬರದಿದ್ದರೆ ಇಲ್ಲ ಎನ್ನುವ ಅರ್ಧಕ್ಕರ್ಧ ಸ್ಥಿತಿಯಲ್ಲಿ ಒತ್ತಡ ಎಲ್ಲಕ್ಕಿಂತ ಹೆಚ್ಚಾಗಿತ್ತು. 2016ರ ಪ್ರಯೋಗ ಇದು. ಆಟ ಮುಗಿದ ಮೇಲೆ ಆ 45 ಜನ ಎದ್ದು ಮನೆಗೆ ಹೋದರು. ಕಾಣೆಯಾದವರ ಮನೆಯಲ್ಲಿ ಕಲ್ಲು ಎತ್ತುವುದು ನಿಲ್ಲುವುದಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಒಂದು ಕಲ್ಲು. ಹಿನ್ನೀರಿನಲ್ಲಿ ಅಪರಿಚಿತ ಶವ ಎಂಬ ಸುದ್ದಿ ಬಂದರೆ ಇನ್ನೊಂದು.

ಇಲಿಗಳ ಮೇಲಿನ ಒಂದು ಕೆಲಸವೂ ಇಲ್ಲಿಗೆ ಒದಗುತ್ತದೆ. ನಾರ್ವೆಯ ಮೋಸರ್ ದಂಪತಿಯ ಪ್ರಯೋಗಾಲಯ 2013ರಲ್ಲಿ ಇಲಿಯ ಮಿದುಳಿನಲ್ಲಿ ವಿಚಿತ್ರ ನರಕೋಶಗಳನ್ನು ಗುರುತಿಸಿತು. ಪೆಟ್ಟಿಗೆಯಲ್ಲಿ ಒಂದು ವಸ್ತು ಇಟ್ಟು, ಇಲಿಗೆ ಅಭ್ಯಾಸವಾದ ಮೇಲೆ ತೆಗೆದುಬಿಟ್ಟರೆ, ಆ ವಸ್ತು ಇದ್ದ ಜಾಗಕ್ಕೆ ಇಲಿ ಬಂದಾಗಲೆಲ್ಲ ಈ ಕೋಶಗಳು ಮಿಡಿಯುತ್ತಿದ್ದವು, ದಿನಗಟ್ಟಲೆ. ಇಲ್ಲದ ವಸ್ತುವಿಗಾಗಿ ಮೀಸಲಾದ ಕೋಶ! ಶೋಕದಲ್ಲಿರುವ ಮಿದುಳನ್ನು ಅಭ್ಯಸಿಸುವ ಅರಿಜೋನಾದ ಮೇರಿ-ಫ್ರಾನ್ಸಿಸ್ ಓಕಾನರ್ ಇದನ್ನು ಉದಾಹರಿಸುತ್ತಾರೆ. ನಮ್ಮವರು ‘ಎಲ್ಲೋ ಇರುತ್ತಾರೆ, ಬರುತ್ತಾರೆ’ ಎಂಬ ನಕ್ಷೆ ಮಿದುಳಿನಲ್ಲಿ ವರ್ಷಗಳ ಒಡನಾಟದಿಂದ ಆಗಿರುತ್ತದೆ. ಶವ ನೋಡಿದ ನೆನಪು ಅದರೊಂದಿಗೆ ಜಗಳವಾಡಿ, ಬಹಳ ನಿಧಾನವಾಗಿ ಅದನ್ನು ತಿದ್ದುತ್ತದೆ. ಶವವನ್ನೇ ನೋಡದವರ ಮಿದುಳಿಗೆ ತಿದ್ದಲು ಆಧಾರವೇನಿದೆ? ಅಂಗಳದ ದೀಪ ಆರಿಸದ ತಾಯಿಯನ್ನು ‘ಇನ್ನಾದರೂ ಮರೆತುಬಿಡಿ’ ಎನ್ನುವವರಿಗೆ ಈ ಇಲಿಯ ಕತೆ ಹೇಳಬೇಕು ಅನ್ನಿಸುತ್ತದೆ.

ಇಷ್ಟು ಸಾಲದೆಂಬಂತೆ ಕಾಗದಪತ್ರ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿದ್ದಾನೆಂದು ಊಹಿಸಬಹುದು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಊಹೆ ಸಾವಿಗೆ ಮಾತ್ರ, ಸತ್ತ ದಿನಕ್ಕಲ್ಲ ಎಂದು ಜೀವ ವಿಮಾ ನಿಗಮ ಮತ್ತು ಅನುರಾಧಾ ಎಂಬವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಅಂದರೆ ಮನುಷ್ಯ ಕಾಣೆಯಾದ ಮೇಲೂ ವಿಮೆಯ ಕಂತು ಕಟ್ಟುತ್ತಿರಬೇಕು. ಮಧ್ಯದಲ್ಲಿ ನಿಲ್ಲಿಸಿದರೆ ಪಾಲಿಸಿಯೇ ಹೋದೀತು. ಅಡಿಕೆ ತೋಟದ ಪಹಣಿ ಗಂಡನ ಹೆಸರಲ್ಲಿದ್ದರೆ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ ಹಾಕುವುದೆಂದರೆ ಗಂಡ ಸತ್ತನೆಂದು ಹೆಂಡತಿಯೇ ಮೊದಲು ಬರೆದುಕೊಡಬೇಕು. ಅವಳ ಕುಂಕುಮದ ಪ್ರಶ್ನೆ ಅಲ್ಲಿಂದಲೇ ಶುರು. ಅತ್ತೆ ಒಂದು ಹೇಳುತ್ತಾರೆ, ತವರಿನವರು ಇನ್ನೊಂದು. ಒಬ್ಬರಿಗೆ ಸತ್ತವನು, ಇನ್ನೊಬ್ಬರಿಗೆ ಬದುಕಿರುವವನು, ಊಟಕ್ಕೆ ಕೂರುವುದು ಒಂದೇ ಪಂಕ್ತಿಯಲ್ಲಿ. ಕೇದಾರನಾಥದ 2013ರ ಪ್ರವಾಹದ ನಂತರ ಏಳು ವರ್ಷ ಕಾಯಿಸದೆ ಪ್ರಮಾಣಪತ್ರ ಕೊಡಲು ಸರ್ಕಾರ ದಾರಿ ಮಾಡಿತು. ಒಬ್ಬೊಬ್ಬರಾಗಿ ಕಾಣೆಯಾಗುವವರಿಗೆ ಆ ದಾರಿ ಇಲ್ಲ.

ಈ ಮಧ್ಯೆ ಅಂಜನ ಹಾಕುವವರು, ನಿಮಿತ್ತ ನೋಡುವವರು. ಅವರ ಬಳಿ ಹೋಗುವವರನ್ನು ನಾನು ಹೀಯಾಳಿಸಲಾರೆ. ಉತ್ತರ ದಿಕ್ಕಿನಲ್ಲಿದ್ದಾನೆ ಎಂದು ಯಾರಾದರೂ ಹೇಳಿದರೆ, ಸುಳ್ಳಾದರೂ ಅದೊಂದು ಉತ್ತರ. ನಿಜವಾದ ಉತ್ತರ ಕೊಡುವ ವಿದ್ಯೆ ನಮ್ಮಲ್ಲಿರುವಾಗ ಅದನ್ನು ಅವರ ಮನೆ ಬಾಗಿಲಿಗೆ ತಲುಪಿಸಿಲ್ಲ ಎಂಬುದೇ ನನ್ನ ತಕರಾರು.

ವಿದ್ಯೆ ಹೊಸದಲ್ಲ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಒಂದೇ ಕೋಶದಲ್ಲಿ ಅದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಉಳಿದಿರುತ್ತದೆ. ತಾಯಿ, ಒಡಹುಟ್ಟಿದವರು, ತಾಯಿಯ ಅಕ್ಕತಂಗಿಯರು, ಯಾರ ಮಾದರಿಯಾದರೂ ಹೋಲಿಕೆಗೆ ಆದೀತು. ಅರ್ಜೆಂಟೀನಾದ ಸರ್ವಾಧಿಕಾರದಲ್ಲಿ ಕಳೆದುಹೋದ ಮೊಮ್ಮಕ್ಕಳನ್ನು ಅಜ್ಜಿಯರು ಗುರುತಿಸಲು ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1980ರ ದಶಕದಲ್ಲೇ ಇಂಥ ತಳಿಶಾಸ್ತ್ರದ ನೆರವು ನೀಡಿದರು. ನಮ್ಮಲ್ಲಿ ಕಾಣೆಯಾದವರ ಬಂಧುಗಳ ಮತ್ತು ಅಪರಿಚಿತ ಶವಗಳ ಡಿಎನ್‌ಎಯನ್ನು ರಾಷ್ಟ್ರಮಟ್ಟದಲ್ಲಿ ತಾಳೆ ನೋಡುವ ವ್ಯವಸ್ಥೆಯನ್ನು 2019ರ ಡಿಎನ್‌ಎ ಮಸೂದೆ ಹೇಳಿತ್ತು. ಖಾಸಗಿತನದ ಆತಂಕಗಳಿದ್ದವು, ಅವು ಸಣ್ಣವೇನಲ್ಲ. 2023ರ ಜುಲೈನಲ್ಲಿ ಮಸೂದೆ ವಾಪಸಾಯಿತು. ಅದರಲ್ಲೇ ಇದ್ದ ಅಪರಾಧಿಗಳ ಪಟ್ಟಿಯಿಂದ ಬೇರ್ಪಡಿಸಿ ಕಾಣೆಯಾದವರಿಗಷ್ಟೇ ಒಂದು ಕಾನೂನು ತರಬಹುದಿತ್ತು. ಅಷ್ಟರಲ್ಲಿ ತಾಯಂದಿರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥದ್ದು ನಡೆದರೆ 24 ಗಂಟೆ ಕಾಯಬೇಕೆಂಬ ಮಾತು ನಂಬಬೇಡಿ, ಅಂಥ ನಿಯಮ ಇಲ್ಲ. 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ದೂರಿನ ಪ್ರತಿ ಕೇಳಿ ಪಡೆಯಿರಿ. ಹೋದವರ ಡಿಎನ್‌ಎ ಉಳಿದಿರುವ ಬಾಚಣಿಗೆ, ಹಲ್ಲುಜ್ಜುವ ಬ್ರಶ್ಶು ತೊಳೆಯಬೇಡಿ. ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟು ಹೆಸರು, ತಾರೀಕು ಬರೆದಿಡಿ. ಪ್ಲಾಸ್ಟಿಕ್ ಚೀಲ ಬೇಡ. ನಮ್ಮ ಕಡೆಯ ಮಳೆಗಾಲಕ್ಕೆ ಒಳಗೆ ಬೂಸ್ಟು ಹಿಡಿಯುತ್ತದೆ.