ತೊಂಬತ್ತು ದಿನಗಳ ಚೌಕಾಶಿ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಅವಧಿ ಸಾಮಾನ್ಯ. ಕರೆಯುವ ಕಂಪನಿಗೋ 30 ದಿನಗಳಲ್ಲೇ ಜನ ಬೇಕು. ತನ್ನವರನ್ನು ಬಿಟ್ಟುಕೊಡುವಾಗ ಮಾತ್ರ ಅದಕ್ಕೂ 90 ದಿನ ಬೇಕಾಗುವುದುಂಟು!

ನಡುವೆ ಸಿಕ್ಕಿಕೊಂಡ ನೌಕರ ರಾಜೀನಾಮೆಗೆ ಮುನ್ನವೇ ನೇಮಕಾತಿ ಪತ್ರವನ್ನು ಮತ್ತೆ ಓದುವುದು ಲೇಸು. ಉಳಿದ ದಿನಗಳ ವೇತನ ಕಟ್ಟಿ ಹೊರಡಬಹುದೇ, ಅದು ಮೂಲ ವೇತನವೋ ಒಟ್ಟು ವೇತನವೋ, ಉಳಿದ ರಜೆಯನ್ನು ಅದಕ್ಕೆ ಹೊಂದಿಸುವರೇ, ಎಲ್ಲಕ್ಕಿಂತ ಮುಖ್ಯವಾಗಿ ತೀರ್ಮಾನ ಯಾರದು?

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯನ್ವಯ ನ್ಯಾಯಾಲಯವು ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಉಳಿಸದು. ಕಂಪನಿ ನಷ್ಟಭರ್ತಿ ಕೇಳಬಹುದು, ಅಷ್ಟೆ. ಆದರೆ ಈ ಧೈರ್ಯದಲ್ಲಿ ಹೇಳದೆ ಹೊರಟವರಿಗೆ ಬಿಡುಗಡೆ ಪತ್ರ ಸಿಗದೆ ಹೊಸ ಬಾಗಿಲೂ ಮುಚ್ಚೀತು. ಅದಕ್ಕಿಂತ, ಕೆಲಸ ಹಸ್ತಾಂತರದ ವೇಳಾಪಟ್ಟಿಯನ್ನು ತಾನೇ ಸಿದ್ಧಪಡಿಸಿ ಮೇಲಧಿಕಾರಿಯ ಮುಂದಿಡುವುದು ಫಲಕಾರಿ. ಅವರು ಒಪ್ಪಿದ ದಿನಾಂಕ ಲಿಖಿತವಾಗಿ ಕೈಸೇರಿದ ಬಳಿಕವೇ ಹೊಸ ಕಂಪನಿಗೆ ಮಾತು ಕೊಡಬೇಕು.