ಜಾತಿಬೆಕ್ಕುಗಳ ಮೂಕಬೇನೆ

ನಾಯಿಗೆ ನೋವಾದರೆ ಅದು ನರಳುತ್ತ ಒಡೆಯನ ಬಳಿಗೆ ಬರುತ್ತದೆ. ಬೆಕ್ಕಿಗೆ ನೋವಾದರೆ ಅದು ಸದ್ದಿಲ್ಲದೆ ಮಂಚದ ಕೆಳಗೆ ಸೇರುತ್ತದೆ. ಒಂಟಿಯಾಗಿ ಬೇಟೆಯಾಡಿ ಬದುಕುತ್ತಿದ್ದ ಕಾಡುಬೆಕ್ಕಿನ ಸಂತತಿಯಿದು. ಅಶಕ್ತತೆಯನ್ನು ಹೊರಗೆಡಹುವ ಸಣ್ಣ ಪ್ರಾಣಿ ಬೇಗನೆ ದೊಡ್ಡ ಮೃಗಗಳ ತುತ್ತಾಗುವುದರಿಂದ, ಬೇನೆಯನ್ನು ಬಚ್ಚಿಡುವುದೇ ಅದಕ್ಕೆ ಸ್ವಭಾವವಾಗಿದೆ. ಹೀಗಿರುವಲ್ಲಿ ಬೆಕ್ಕಿನ ರೋಗವನ್ನು ಕಾಲಕ್ಕೆ ಸರಿಯಾಗಿ ಗುರುತಿಸುವುದು ಹೇಗೆ? ಅಳತೆಯಿಂದ ಎಂಬುದೇ ನಮ್ಮ ಉತ್ತರ. ಗಡಿಯಾರ, ತಕ್ಕಡಿ, ಅಳತೆಯ ಲೋಟ ಇಷ್ಟೇ ಉಪಕರಣಗಳು. ಬೆಕ್ಕು ಯಾವ ತಳಿಯದೆಂದು ತಿಳಿದರೆ, ಏನನ್ನು ಅಳೆಯಬೇಕೆಂಬುದೂ ತಿಳಿಯುತ್ತದೆ.

ತಳಿಗೂ ರೋಗಕ್ಕೂ ಏನು ಸಂಬಂಧ? 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬುವರು ಒಂದು ದೊಡ್ಡ ಬೆಕ್ಕಿನ ಪ್ರದರ್ಶನವನ್ನು ಏರ್ಪಡಿಸಿದರು. ಆ ಬಳಿಕ ಬೆಕ್ಕುಗಳನ್ನು ರೂಪಕ್ಕಾಗಿ ಆರಿಸಿ ಬೆಳೆಸುವ ಹವ್ಯಾಸ ಹಬ್ಬಿತು. ಬೇಕಾದ ರೂಪವನ್ನು ಸ್ಥಿರಗೊಳಿಸಲು ಹತ್ತಿರದ ಬಂಧುಗಳನ್ನೇ ಕೂಡಿಸುವುದು ರೂಢಿ. ಆಗ ಬೇಕಾದ ಗುಣದೊಡನೆ ಬೇಡದ ದೋಷವೂ ವಂಶದಲ್ಲಿ ನೆಲೆಯೂರುತ್ತದೆ. ಮೂರು ಉದಾಹರಣೆಗಳನ್ನು ನೋಡೋಣ.

ನಮ್ಮ ನಗರಗಳಲ್ಲಿಯೂ ಜನಪ್ರಿಯವಾಗಿರುವ ಪರ್ಷಿಯನ್ ಬೆಕ್ಕನ್ನು ಮೊದಲು ತೆಗೆದುಕೊಳ್ಳೋಣ. ಈ ತಳಿಯ ಕೆಲವು ಬೆಕ್ಕುಗಳ ಮೂತ್ರಪಿಂಡಗಳಲ್ಲಿ ದ್ರವ ತುಂಬಿದ ಗುಳ್ಳೆಗಳು ಎಳವೆಯಲ್ಲಿಯೇ ಮೂಡಿ, ವರ್ಷಗಳು ಕಳೆದಂತೆ ಹಿಗ್ಗುತ್ತವೆ. ಇದಕ್ಕೆ ಕಾರಣವಾದ ಜೀನಿನ ದೋಷವು 2004ರಲ್ಲಿ ಪತ್ತೆಯಾಯಿತು. ಮೆಂಡಲನ ಪರಿಭಾಷೆಯಲ್ಲಿ ಇದು ಪ್ರಬಲ ದೋಷ. ತಂದೆತಾಯಿಗಳಲ್ಲಿ ಒಂದಕ್ಕಿದ್ದರೂ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಅದು ಇಳಿಯುತ್ತದೆ. ಮೂತ್ರಪಿಂಡಗಳ ಶಕ್ತಿಯ ಬಹುಭಾಗ ನಷ್ಟವಾಗುವವರೆಗೂ ಬೆಕ್ಕು ಆರೋಗ್ಯವಾಗಿರುವಂತೆಯೇ ತೋರುತ್ತದೆ. ಮೂತ್ರವನ್ನು ಸಾಂದ್ರಗೊಳಿಸುವ ಸಾಮರ್ಥ್ಯ ತಗ್ಗಿದಾಗ ಹೆಚ್ಚು ನೀರು ಹೊರಹೋಗಿ ಬಾಯಾರಿಕೆ ಹೆಚ್ಚುತ್ತದೆ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 50 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿಯುವ ಬೆಕ್ಕನ್ನು ಸಂದೇಹದಿಂದ ನೋಡಬೇಕು. 100 ಮೀರಿದರೆ ರೋಗವಿದೆಯೆಂದೇ ಎಣಿಸಬೇಕು. ತೂಕವನ್ನೂ ಗಮನಿಸಬೇಕು. 4 ಕಿಲೋಗ್ರಾಂ ತೂಗುವ ಬೆಕ್ಕು 400 ಗ್ರಾಂ ಇಳಿದರೆ, ಅದು 60 ಕಿಲೋಗ್ರಾಂ ತೂಗುವ ಮನುಷ್ಯ 6 ಕಿಲೋಗ್ರಾಂ ಇಳಿದಂತೆ. ದಟ್ಟವಾದ ರೋಮದ ಮರೆಯಲ್ಲಿ ಕಣ್ಣಿಗೆ ಕಾಣದ ಈ ಇಳಿತ ತಕ್ಕಡಿಗೆ ಕಾಣುತ್ತದೆ.

ಅಮೆರಿಕದ ಮೇಯ್ನ್ ಕೂನ್ ಮತ್ತು ರ್‍ಯಾಗ್‌ಡಾಲ್ ತಳಿಗಳಲ್ಲಿ ಗಮನಿಸಬೇಕಾದುದು ಹೃದಯವನ್ನು. ಇವುಗಳಲ್ಲಿ ಕೆಲವಕ್ಕೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ತೆಳುವಾದ ಬಲೂನು ಸುಲಭವಾಗಿ ಹಿಗ್ಗುವುದು. ದಪ್ಪನೆಯ ಸೈಕಲ್ ಟೈರು ಹಾಗೆ ಹಿಗ್ಗದು. ಅಂತೆಯೇ ಬಿಗಿದ ಹೃದಯ ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳಲಾರದು. ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶದಲ್ಲಿ ನೀರು ಸೇರುತ್ತದೆ; ಉಸಿರಾಟದ ವೇಗ ಹೆಚ್ಚುತ್ತದೆ. ಬೆಕ್ಕು ನಿದ್ರಿಸುತ್ತಿರುವಾಗ ಎದೆ ಒಮ್ಮೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಭಾವಿಸಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸಿದ ವಿದ್ಯಾರ್ಥಿಗೆ ಇದೇನೂ ಕಷ್ಟವಲ್ಲ. ಎಣಿಕೆ ಮತ್ತೆ ಮತ್ತೆ 30ನ್ನು ಮೀರಿದರೆ ಪಶುವೈದ್ಯರಿಗೆ ತೋರಿಸಬೇಕು. ಹಿಗ್ಗಿದ ಎಡ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಟ್ಟಿ ಹರಿದು ಹೋಗಿ, ಮಹಾಪಧಮನಿ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಆಗ ಬೆಕ್ಕು ಕಿರುಚಿಕೊಳ್ಳುತ್ತದೆ. ಹಿಂಗಾಲುಗಳು ಸ್ವಾಧೀನ ತಪ್ಪಿ ತಣ್ಣಗಾಗುತ್ತವೆ. ಸಂಬಂಧಪಟ್ಟ ಜೀನಿನ ದೋಷಗಳು ಮೇಯ್ನ್ ಕೂನಿನಲ್ಲಿ 2005ರಲ್ಲಿಯೂ ರ್‍ಯಾಗ್‌ಡಾಲಿನಲ್ಲಿ 2007ರಲ್ಲಿಯೂ ತಿಳಿದುಬಂದವು. ಆ ದೋಷವಿಲ್ಲದ ಬೆಕ್ಕಿಗೂ ರೋಗ ಬರಬಹುದಾದುದರಿಂದ, ಶ್ರವಣಾತೀತ ತರಂಗಗಳಿಂದ ಹೃದಯವನ್ನು ಪರೀಕ್ಷಿಸುವುದು ಅವಶ್ಯ.

ಮೂರನೆಯದು ಸ್ಕಾಟಿಷ್ ಫೋಲ್ಡ್. 1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆಂಗಸ್ ಎಂಬ ಊರಿನ ಬಳಿಯ ಹೊಲಮನೆಯೊಂದರಲ್ಲಿ ಕಂಡುಬಂದ ಸೂಸಿ ಎಂಬ ಹೆಣ್ಣುಬೆಕ್ಕು ಈ ತಳಿಯ ಮೂಲ. ಇದರ ಮಡಿಸಿದ ಕಿವಿಗಳಿಗೆ ಜಗತ್ತೇ ಮರುಳಾಗಿದೆ. ಆದರೆ ಕಿವಿ ಮಡಿಯುವುದು ಅದರ ಮೃದ್ವಸ್ಥಿ ಸರಿಯಾಗಿ ಬೆಳೆಯದ ಕಾರಣ, ಕೀಲುಗಳಲ್ಲಿರುವುದೂ ಮೃದ್ವಸ್ಥಿಯೇ. ಆದುದರಿಂದ ಇಲ್ಲಿ ಮೆಚ್ಚಿಕೆಯ ರೂಪವೇ ರೋಗದ ಮೊದಲ ಚಿಹ್ನೆ! ಎತ್ತರಕ್ಕೆ ನೆಗೆಯಲು ಹಿಂಜರಿಯುವುದು, ಬಾಲ ಬಗ್ಗದಿರುವುದು, ಕಾಲುಗಳನ್ನು ಸೆಟೆದು ನಡೆಯುವುದು ಇವು ಮುಂದಿನ ಚಿಹ್ನೆಗಳು. ಸದಾ ಶಾಂತವಾಗಿ ಕುಳಿತಿರುವ ಸಾಧುಬೆಕ್ಕೆಂದು ಮನೆಯವರು ಹೊಗಳುವಾಗ, ಅದು ನೋವಿನಿಂದ ಕುಳಿತಿರಲೂಬಹುದು.

ಕೆಲವು ಎಚ್ಚರಿಕೆಗಳು ಎಲ್ಲ ಬೆಕ್ಕುಗಳಿಗೂ ಸಲ್ಲುತ್ತವೆ. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಹಿಂಗಾಲು ಬಿದ್ದುಹೋದರೆ, ಮರುದಿನದವರೆಗೆ ಕಾಯಬಾರದು. ಮನುಷ್ಯರಿಗೆ ಕೊಡುವ ಪ್ಯಾರಾಸಿಟಮಾಲನ್ನು ಬೆಕ್ಕಿಗೆ ಎಂದಿಗೂ ಕೊಡಕೂಡದು. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲುದು.

ಜಾತಿಬೆಕ್ಕಿನ ಮರಿಯನ್ನು ತರಬೇಕೆನ್ನುವವರು ಅದರ ಬಣ್ಣವನ್ನು ಕೇಳುವ ಮುನ್ನ, ತಂದೆತಾಯಿಗಳ ಹೃದಯ ಮತ್ತು ಮೂತ್ರಪಿಂಡಗಳ ಪರೀಕ್ಷಾವರದಿಯನ್ನು ಕೇಳುವುದು ಲೇಸು. ಈಗಾಗಲೇ ಸಾಕಿರುವವರು ಒಂದು ಪುಸ್ತಕವಿಟ್ಟು, ವಾರಕ್ಕೊಮ್ಮೆ ಉಸಿರಿನ ಎಣಿಕೆಯನ್ನೂ ತಿಂಗಳಿಗೊಮ್ಮೆ ತೂಕವನ್ನೂ ಬರೆದಿಡಲಿ. ಬೆಕ್ಕು ತಾನಾಗಿ ಹೇಳದ ಸಂಗತಿಯನ್ನು ಆ ಪುಸ್ತಕ ಹೇಳುವುದು, ಅದೂ ಚಿಕಿತ್ಸೆಗೆ ಇನ್ನೂ ಕಾಲವಿರುವಾಗ.